ಬಾಯ್ಲರ್ ನೋಡುವವರ ಸಂಬಳ: ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ ಯಾಕೆ?



ಸಂಘದಲ್ಲಿ ಸಾಲದ ಅರ್ಜಿ ತುಂಬಿಸುವಾಗ ಗಂಡನ ಅಥವಾ ಮಗನ ಉದ್ಯೋಗ ಎಂಬಲ್ಲಿ ನಮ್ಮಲ್ಲಿ ಅನೇಕರು "ಫ್ಯಾಕ್ಟರಿ ಕೆಲಸ" ಎಂದಷ್ಟೇ ಬರೆಯುತ್ತಾರೆ. ಫ್ಯಾಕ್ಟರಿಯಲ್ಲಿ ಏನು ಕೆಲಸ ಎಂದು ಕೇಳಿದರೆ "ಬಾಯ್ಲರಿನಲ್ಲಿ" ಅನ್ನುತ್ತಾರೆ. ಸಂಬಳ ಎಷ್ಟು ಎಂದು ಕೇಳಿದಾಗ ಮಾತ್ರ ಉತ್ತರ ಮನೆಯಿಂದ ಮನೆಗೆ ಬೇರೆ. ಒಂದು ಮನೆಗೆ ತಿಂಗಳಿಗೆ 14-15 ಸಾವಿರ ಬರುತ್ತದೆ, ಇನ್ನೊಂದು ಮನೆಗೆ ಅದರ ಎರಡರಷ್ಟು, ದೊಡ್ಡ ಸ್ಥಾವರದಲ್ಲಿ ಖಾಯಂ ಆದವರ ಮನೆಗೆ ಇನ್ನೂ ಹೆಚ್ಚು. ಎಲ್ಲರೂ ಬೆಂಕಿಯ ಮುಂದೆ ನಿಂತು ಬೆವರು ಸುರಿಸುವವರೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬರ್ತದೆ? ದುಡಿಮೆ ಕಡಿಮೆ ಆದುದರಿಂದ ಅಲ್ಲ. ಹೆಚ್ಚಿನ ಪಾಲು ಇರುವುದು ಎರಡು ಕಾಗದಗಳಲ್ಲಿ. ಅವರ ಕೈಯಲ್ಲಿರುವ ಸರ್ಟಿಫಿಕೇಟ್ ಯಾವುದು ಎಂಬುದು ಒಂದು. ಫ್ಯಾಕ್ಟರಿಯ ರಿಜಿಸ್ಟರಿನಲ್ಲಿ ಅವರ ಹುದ್ದೆ ಏನೆಂದು ಬರೆದಿದೆ ಎಂಬುದು ಇನ್ನೊಂದು. ಮನೆಯ ಕಾಗದಪತ್ರ ಜೋಪಾನ ಮಾಡುವವರು ಹೆಂಗಸರೇ ಆದುದರಿಂದ ಇದನ್ನು ನಾವು ತಿಳಿದುಕೊಂಡಿರುವುದು ಒಳ್ಳೆಯದು.

ಈ ಕೆಲಸಕ್ಕೆ ಸರ್ಟಿಫಿಕೇಟ್ ಯಾಕೆ?

ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರಿಗೆ ಬಾಯ್ಲರ್ ಹೊಸತಲ್ಲ. ಬೀಜವನ್ನು ಹಬೆಯಲ್ಲಿ ಬೇಯಿಸಿದ ಮೇಲಲ್ಲವೇ ಅದು ಕಟ್ಟಿಂಗಿಗೆ ಬರುವುದು? ಕುಚ್ಚಲಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸಲು, ಡೈರಿಯಲ್ಲಿ ಹಾಲು ಕಾಯಿಸಲು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಬತ್ತಿಸಲು, ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯಲು ಸಹ ಹಬೆಯೇ ಬೇಕು. ಬಾಯ್ಲರ್ ನಿಂತರೆ ಒಳಗೆ ಕೂತ ನೂರಾರು ಮಂದಿಯ ಕೆಲಸವೂ ನಿಲ್ಲುತ್ತದೆ.

ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಬಯಲಿನಲ್ಲಿ 1,600 ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಅಂಥ ಹಬೆಯನ್ನು ಬಾಯ್ಲರಿನೊಳಗೆ ಕಟ್ಟಿ ಹಾಕಿರುತ್ತಾರೆ. ನಮ್ಮ ಕುಕ್ಕರಿನ ಹಾಗೆಯೇ ಅನ್ನಿ, ಆದರೆ ಕುಕ್ಕರ್ ಕೆಟ್ಟರೆ ಅಡುಗೆಮನೆ ಹಾಳು, ಬಾಯ್ಲರ್ ಕೆಟ್ಟರೆ ಕಟ್ಟಡವೇ ಹಾಳು. ಒಳಗಿನ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಒಂದಿರುತ್ತದೆ, ಗೇಜ್ ಗ್ಲಾಸ್ ಎನ್ನುತ್ತಾರೆ. ಅದರ ಮೇಲೆ ಸದಾ ಕಣ್ಣಿಡುವುದು ಬಾಯ್ಲರ್ ಅಟೆಂಡೆಂಟರ ಮುಖ್ಯ ಕೆಲಸ. ನೀರು ಕಾಣದಷ್ಟು ಕೆಳಗಿಳಿದರೆ ಗಾಬರಿಯಿಂದ ನೀರು ಬಿಡುವವರಿದ್ದಾರೆ. ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸ್ಫೋಟವೇ ಆಗಬಹುದು. ಆಗ ಮೊದಲು ಮಾಡಬೇಕಾದದ್ದು ಬೆಂಕಿ ನಿಲ್ಲಿಸುವುದು. ಇಂಥದ್ದನ್ನು ಗೊತ್ತಿದ್ದವರೇ ಅಲ್ಲಿ ನಿಲ್ಲಬೇಕು. ಅದಕ್ಕಾಗಿಯೇ ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಬಾಯ್ಲರ್ ಕಾಯ್ದೆ ಬಂತು. 2025ರಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಬಾಯ್ಲರ್ ಕಾಯ್ದೆ ಮಾಡಿತು. ಕಾಯ್ದೆಯ ವ್ಯಾಪ್ತಿಗೆ ಬರುವ ಬಾಯ್ಲರನ್ನು ಸರ್ಟಿಫಿಕೇಟ್ ಇಲ್ಲದವರ ಕೈಗೆ ಒಪ್ಪಿಸುವಂತಿಲ್ಲ ಎಂಬುದು ಹಿಂದೆಯೂ ಇತ್ತು, ಈಗಲೂ ಉಂಟು.

ಸಂಬಳದ ಗುಟ್ಟು ಇಲ್ಲಿಯೇ ಇದೆ. ಮಾಲೀಕರಿಗೆ ಈ ಮನುಷ್ಯ ಬೇಕೇ ಬೇಕು. ಹಗಲು ರಾತ್ರಿ ನಡೆಯುವ ಫ್ಯಾಕ್ಟರಿಯಾದರೆ ಪ್ರತಿ ಪಾಳಿಗೂ ಒಬ್ಬರು ಬೇಕು.

ಮೂರು ಮೆಟ್ಟಿಲು

ಸರ್ಟಿಫಿಕೇಟಿನಲ್ಲಿ ಮೆಟ್ಟಿಲುಗಳಿವೆ. ಸಣ್ಣ ಬಾಯ್ಲರಿಗೆ ಸೆಕೆಂಡ್ ಕ್ಲಾಸ್ ಸಾಕು. ಅದಕ್ಕಿಂತ ದೊಡ್ಡದಕ್ಕೆ ಫಸ್ಟ್ ಕ್ಲಾಸ್ ಬೇಕು. ಭಾರಿ ಗಾತ್ರದ ಬಾಯ್ಲರುಗಳಿಗೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಎಂಬ ಪರೀಕ್ಷೆ ಪಾಸಾದವರೇ ಆಗಬೇಕು; ಅದಕ್ಕೆ ಕೂರಲು ಎಂಜಿನಿಯರಿಂಗ್ ಡಿಪ್ಲೊಮಾ ಅಥವಾ ಡಿಗ್ರಿ ಇರಬೇಕು. ಮಗ ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಮನೆಯಲ್ಲಿ ಕೂತಿದ್ದರೆ ಈ ಕೊನೆಯ ಮೆಟ್ಟಿಲು ಮನಸ್ಸಿನಲ್ಲಿರಲಿ. ಸಂಬಳದಲ್ಲಿ ದೊಡ್ಡ ಜಿಗಿತ ಅಲ್ಲಿಯೇ.

ಪರೀಕ್ಷೆ ನಡೆಸುವುದು ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಮೂಲಕ. ಹೆಸರು ಉದ್ದ, ಜನರು "ಬಾಯ್ಲರ್ ಆಫೀಸು" ಅಂತಲೇ ಹೇಳ್ತಾರೆ. ಪ್ರಾಯ, ವಿದ್ಯಾರ್ಹತೆಯ ಜೊತೆಗೆ ಬಾಯ್ಲರಿನಲ್ಲಿ ಸಹಾಯಕನಾಗಿ ದುಡಿದ ಅನುಭವವನ್ನೂ ಕೇಳುತ್ತಾರೆ. ನಮ್ಮವರು ಸೋಲುವುದು ಬಹುಮಟ್ಟಿಗೆ ಇಲ್ಲಿ. ಹತ್ತು ವರ್ಷ ಬೆಂಕಿ ಹಾಕಿರುತ್ತಾರೆ, ಆದರೆ ಹಾಗೆ ದುಡಿದದ್ದಕ್ಕೆ ಒಂದು ಚೀಟಿಯೂ ಕೈಯಲ್ಲಿ ಇರುವುದಿಲ್ಲ. ಮಿಲ್ಲು ಮುಚ್ಚಿ, ಮಾಲೀಕರು ತೀರಿಹೋದ ಮೇಲೆ ಅನುಭವದ ಪತ್ರ ಕೊಡುವವರು ಯಾರು? ಆದುದರಿಂದ ಕೆಲಸದಲ್ಲಿ ಇರುವಾಗಲೇ, ಮಾಲೀಕರ ಜೊತೆ ಸಂಬಂಧ ಚೆನ್ನಾಗಿರುವಾಗಲೇ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ನಂಬ್ರದ ಬಾಯ್ಲರಿನಲ್ಲಿ ದುಡಿದರು ಎಂದು ಬರೆಸಿ ಸೀಲು, ಸಹಿ ಹಾಕಿಸಿ ತರಲು ಹೇಳಿ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಸರ್ಟಿಫಿಕೇಟನ್ನು "ಬಾಡಿಗೆಗೆ" ಕೊಡುವ ಕೆಟ್ಟ ಅಭ್ಯಾಸ ಕೆಲವು ಕಡೆ ಉಂಟು. ಕಾಗದ ಫ್ಯಾಕ್ಟರಿಯ ಗೋಡೆಯಲ್ಲಿ, ಮನುಷ್ಯ ಬೇರೆಲ್ಲೋ ಕೆಲಸದಲ್ಲಿ, ಬಾಯ್ಲರಿನ ಮುಂದೆ ಏನೂ ಕಲಿಯದ ಹುಡುಗ. ತಿಂಗಳಿಗೆ ಎರಡು ಸಾವಿರ ಸುಮ್ಮನೆ ಬರುತ್ತದೆ ಎಂದು ಒಪ್ಪಿಕೊಳ್ಳಬೇಡಿ. ಅವಘಡ ಆದರೆ ಮೊದಲು ಹುಡುಕುವುದು ಗೋಡೆಯಲ್ಲಿ ಹೆಸರಿದ್ದವರನ್ನು. ಬೆಂದು ಹೋಗುವವನು ಮಾತ್ರ ಇನ್ನೊಬ್ಬ ತಾಯಿಯ ಮಗ.

ರಿಜಿಸ್ಟರಿನಲ್ಲಿ ಏನು ಬರೆದಿದೆ?

ಕನಿಷ್ಠ ವೇತನವನ್ನು ಸರಕಾರ ಕೌಶಲ್ಯಕ್ಕೆ ತಕ್ಕಂತೆ ನಿಗದಿ ಮಾಡುತ್ತದೆ: ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. ಊರು ಯಾವ ವಲಯದಲ್ಲಿದೆ ಎಂಬುದರ ಮೇಲೂ ವ್ಯತ್ಯಾಸ ಆಗುತ್ತದೆ. ಬೆಂಗಳೂರಿನಲ್ಲಿ ಸಿಗುವಷ್ಟು ತಾಲೂಕು ಕೇಂದ್ರದಲ್ಲಿ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಬೆಲೆ ಏರಿದ ಹಾಗೆ ತುಟ್ಟಿಭತ್ಯೆಯೂ ಏರಬೇಕು. ಕರ್ನಾಟಕದಲ್ಲಿ ಇದನ್ನು ಏಪ್ರಿಲ್ 1ರಿಂದ ಲೆಕ್ಕ ಹಾಕುವ ಕ್ರಮ ನಡೆದು ಬಂದಿದೆ.

ಸರ್ಟಿಫಿಕೇಟ್ ಇರುವ ಬಾಯ್ಲರ್ ಅಟೆಂಡೆಂಟರದು ಕುಶಲ ಕೆಲಸ. ಆದರೆ ಪೇ ಸ್ಲಿಪ್ಪಿನಲ್ಲಿ "ಹೆಲ್ಪರ್" ಎಂದು ಬರೆದರೆ ಸಂಬಳ ಹೆಲ್ಪರಿನದ್ದೇ. ಮಾಡುವುದು ಒಂದು ಕೆಲಸ, ಬರೆಯುವುದು ಇನ್ನೊಂದು. ಎಷ್ಟೋ ಮನೆಗಳಲ್ಲಿ ಪೇ ಸ್ಲಿಪ್ಪನ್ನು ಬಿಡಿಸಿ ನೋಡುವ ರೂಢಿಯೇ ಇಲ್ಲ, ಬ್ಯಾಂಕಿಗೆ ಬಂದ ಮೊತ್ತ ನೋಡಿ ಸುಮ್ಮನಾಗುತ್ತಾರೆ. ಈ ತಿಂಗಳಾದರೂ ಹುದ್ದೆಯ ಹೆಸರು ಓದಿ.

ಇನ್ನು ಗಂಟೆಯ ಲೆಕ್ಕ. ಹಲವು ಸಣ್ಣ ಘಟಕಗಳಲ್ಲಿ ಇಬ್ಬರೇ ಅಟೆಂಡೆಂಟರು 12 ಗಂಟೆಯಂತೆ ದಿನ ಹಂಚಿಕೊಳ್ಳುತ್ತಾರೆ. ಒಬ್ಬರ ವೇತನ ತಿಂಗಳಿಗೆ 15,600 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, 8 ಗಂಟೆಗೆ ಭಾಗಿಸಿದರೆ ಗಂಟೆಗೆ 75. ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ಎರಡು ಪಟ್ಟು, ಅಂದರೆ ಗಂಟೆಗೆ 150 ರೂಪಾಯಿ. ದಿನಾ 4 ಗಂಟೆ ಹೆಚ್ಚು ದುಡಿದರೆ ದಿನಕ್ಕೆ 600, ತಿಂಗಳ 26 ದಿನಕ್ಕೆ ಇನ್ನೊಂದು 15,600. ಸಂಬಳದಷ್ಟೇ ಓಟಿ! ವಾರದ ಆರೂ ದಿನ ಹೀಗೆ ದುಡಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂಬುದು ಬೇರೆ ಮಾತು. ಆದರೆ "12 ಗಂಟೆಗೆ ಒಟ್ಟು 20 ಸಾವಿರ, ಒಳ್ಳೆ ಸಂಬಳ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಒಮ್ಮೆ ಹಾಕಿ ನೋಡಿ.

ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ನಮಗೆ ಮುಖ್ಯವಾದದ್ದು ವೇತನದ ವ್ಯಾಖ್ಯೆ. ಕೆಲವರು ಮೂಲ ವೇತನವನ್ನು ಬೇಕೆಂದೇ ಕಡಿಮೆ ತೋರಿಸಿ, ಉಳಿದದ್ದನ್ನು ಬೇರೆ ಬೇರೆ ಭತ್ಯೆ ಎಂದು ಬರೆಯುತ್ತಿದ್ದರು. ಆಗ ಪಿ.ಎಫ್., ಗ್ರಾಚ್ಯುಟಿ ಎಲ್ಲವೂ ಕಡಿಮೆ. ಈಗ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ದಾಟಿದರೆ ದಾಟಿದ ಭಾಗವನ್ನು ವೇತನಕ್ಕೆ ಸೇರಿಸಿಯೇ ಲೆಕ್ಕ ಮಾಡಬೇಕು. ಗ್ರಾಚ್ಯುಟಿ ಅಂದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ, ಖಾಯಂ ಕೆಲಸಗಾರರು ಸಾಮಾನ್ಯವಾಗಿ 5 ವರ್ಷ ಪೂರೈಸಿರಬೇಕು. ಮೇಲಿನ 15,600ರ ಲೆಕ್ಕದಲ್ಲಿ ವರ್ಷಕ್ಕೆ 9,000, ಹತ್ತು ವರ್ಷಕ್ಕೆ 90,000 ರೂಪಾಯಿ. ಮೂಲ ವೇತನ ಅರ್ಧ ಮಾತ್ರ ತೋರಿಸಿದರೆ ಇದೂ 45,000ಕ್ಕೆ ಇಳಿಯುತ್ತದೆ.

ಇ.ಎಸ್.ಐ. ಕಡಿತವನ್ನು ನೋಡಿ ಬೇಸರ ಮಾಡಬೇಡಿ. ಕೆಲಸಗಾರರಿಂದ ಹಿಡಿಯುವುದು ನೂರಕ್ಕೆ 75 ಪೈಸೆ, ಮಾಲೀಕರು ಹಾಕುವುದು ಮೂರೂಕಾಲು ರೂಪಾಯಿ. ಬೆಂಕಿ, ಹಬೆಯ ನಡುವೆ ಇರುವವರಿಗೆ ಇದು ದೊಡ್ಡ ಆಸರೆ. ಕೆಲಸದ ಅವಘಡದಲ್ಲಿ ಜೀವ ಹೋದರೆ ಅವಲಂಬಿತರಿಗೆ ವೇತನದ ನೂರಕ್ಕೆ 90ರ ಲೆಕ್ಕದಲ್ಲಿ ಪಿಂಚಣಿ ಇದೆ. ನಾಮಿನಿಯ ಜಾಗದಲ್ಲಿ ನಿಮ್ಮ ಹೆಸರು ಸರಿಯಾಗಿ, ಆಧಾರಿನಲ್ಲಿ ಇದ್ದ ಹಾಗೆಯೇ ಇದೆಯೇ ಎಂದು ನೋಡಿಕೊಳ್ಳಿ.

ಫ್ಯಾಕ್ಟರಿ ಯಾವುದು, ಊರು ಯಾವುದು

ಅದೇ ಫಸ್ಟ್ ಕ್ಲಾಸ್ ಸರ್ಟಿಫಿಕೇಟಿಗೆ ಅಕ್ಕಿ ಮಿಲ್ಲಿನಲ್ಲಿ ಒಂದು ಸಂಬಳ, ಔಷಧ ತಯಾರಿಸುವ ಕಂಪೆನಿಯಲ್ಲಿ ಇನ್ನೊಂದು. ಮಂಗಳೂರಿನ ಎಂ.ಆರ್.ಪಿ.ಎಲ್.ನಂಥ ಸಾರ್ವಜನಿಕ ವಲಯದ ಸ್ಥಾವರದಲ್ಲಿ ಖಾಯಂ ನೌಕರರಿಗೆ ವೇತನ ಶ್ರೇಣಿಯೇ ಬೇರೆ. ಆದರೆ ಅಲ್ಲಿಗೆ ಸೇರಲು ಅಧಿಸೂಚನೆ, ಪರೀಕ್ಷೆ ಎಲ್ಲ ಉಂಟು, ಯಾರದೋ ಕೈಗೆ ಹಣ ಕೊಟ್ಟರೆ ಆಗುವುದಿಲ್ಲ. ಅದೇ ಗೇಟಿನ ಒಳಗೆ ಗುತ್ತಿಗೆದಾರರ ಕೆಳಗೆ ದುಡಿಯುವವರ ಸಂಬಳ ಖಾಯಂನವರದ್ದಕ್ಕಿಂತ ಎಷ್ಟೋ ಕೆಳಗಿರುವುದು ದೊಡ್ಡ ಸ್ಥಾವರಗಳಲ್ಲಿ ಸಾಮಾನ್ಯ. ಗುತ್ತಿಗೆದಾರ ಸಂಬಳ ಕೊಡದೆ ಕೈ ಎತ್ತಿದರೆ ಮೂಲ ಮಾಲೀಕರೇ ಹೊಣೆ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕೆಲಸ ಹಂಗಾಮಿನದು. ಕಬ್ಬು ನುರಿಯುವ ತಿಂಗಳುಗಳಲ್ಲಿ ಪೂರ್ತಿ ಸಂಬಳ, ಉಳಿದ ತಿಂಗಳು ಹಂಗಾಮಿ ನೌಕರರಿಗೆ ಸಂಬಳದ ಒಂದು ಪಾಲನ್ನು ಮಾತ್ರ ಕೊಡುವ ಪದ್ಧತಿ ಇದೆ. ಇಂಥ ಮನೆಗೆ ಸಾಲ ಕೊಡುವಾಗ ಕಂತನ್ನು ವರ್ಷಪೂರ್ತಿ ಒಂದೇ ಸಮ ಇಡುವುದು ಸರಿಯಲ್ಲ ಎಂದು ನಮ್ಮ ಅಭಿಪ್ರಾಯ.

ಹೊರದೇಶದ ಮಾತೂ ಬರುತ್ತದೆ. ಅಮೆರಿಕದಲ್ಲಿ ಈ ಕೆಲಸದವರಿಗೆ ಸ್ಟೇಷನರಿ ಎಂಜಿನಿಯರ್ ಎನ್ನುತ್ತಾರೆ. ಪುಸ್ತಕ, ಪೆನ್ನಿನ ಅಂಗಡಿ ಅಲ್ಲ ಮಾರಾಯ್ರೆ, ಒಂದೇ ಜಾಗದಲ್ಲಿ ನಿಂತಿರುವ ಯಂತ್ರ ನೋಡುವವರು ಎಂದು ಅರ್ಥ. ಅಲ್ಲಿ ಅವರ ಯೂನಿಯನ್ 1896ರಷ್ಟು ಹಳೆಯದು; ಯೂನಿಯನ್ ಇರುವ ಕಡೆ ಸಂಬಳ ಒಪ್ಪಂದದ ಮೂಲಕ ನಿಗದಿಯಾಗುತ್ತದೆ. ಕೆನಡಾದಲ್ಲಿಯೂ ಮೆಟ್ಟಿಲು ಮೆಟ್ಟಿಲಾದ ಲೈಸನ್ಸ್ ಇದೆ. ಇಲ್ಲಿಯ ಸರ್ಟಿಫಿಕೇಟ್ ತೋರಿಸಿದ ಕೂಡಲೇ ಅಲ್ಲಿ ಬಾಯ್ಲರ್ ಕೊಡುವುದಿಲ್ಲ, ಅಲ್ಲಿಯ ಪರೀಕ್ಷೆ ಬರೆಯಬೇಕು. ಗಲ್ಫಿಗೆ ಹೋಗುವವರು ಏಜೆಂಟರ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್‌ನಲ್ಲಿ ನೋಡಬೇಕು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ಮಿತಿ ಇದೆ. ಒಂದೂವರೆ ಲಕ್ಷ ಕೇಳಿದರೆ, ಅದಕ್ಕೆ ಸಂಘದಿಂದ ಸಾಲ ಪಾಸು ಮಾಡುವ ಮೊದಲು ಒಕ್ಕೂಟದ ಸಭೆಯಲ್ಲಿ ಮಾತಾಡಿ. ಅದೇ ಮನೆಯವರು ಪರೀಕ್ಷೆಗೆ ಓದಲು, ಅರ್ಜಿಗೆ, ಬಸ್ಸಿಗೆ ಎಂದು ಸಣ್ಣ ಸಾಲ ಕೇಳಿದರೆ ನಾವಾದರೆ ಅದನ್ನೇ ಮೊದಲು ಕೊಡುತ್ತೇವೆ.

ಬಾಕಿ ಕೇಳುವುದಾದರೆ

ಸಂಬಳ ಬಾಕಿ, ಓಟಿ ಬಾಕಿ ಇದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು. ವೇತನ ಸಂಹಿತೆಯಲ್ಲಿ ಇದಕ್ಕೆ 3 ವರ್ಷದ ಅವಧಿ ಕೊಟ್ಟಿದ್ದಾರೆ, ಕೆಲಸ ಬಿಟ್ಟು ಬಂದ ಮೇಲೂ ಕೇಳಬಹುದು. ಕಚೇರಿಯಲ್ಲಿ ಮೊದಲು ಕೇಳುವ ಪ್ರಶ್ನೆ "ಎಷ್ಟು ದಿನ, ಎಷ್ಟು ಗಂಟೆ?" ಎಂದು. ಬಾಯಿಮಾತಿನಲ್ಲಿ ಹೇಳಿದರೆ ಲೆಕ್ಕ ನಿಲ್ಲುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಅವರು ಮನೆಯಿಂದ ಹೊರಟ ಹೊತ್ತು, ಪಾಳಿ ಶುರುವಾದ ಹೊತ್ತು, ಮುಗಿದ ಹೊತ್ತು ಇವನ್ನು ದಿನಾ ಬರೆದಿಡಿ. ವರ್ಷ ಮುಗಿದಾಗ ಆ ಕ್ಯಾಲೆಂಡರನ್ನು ಒಲೆಗೆ ಹಾಕಬೇಡಿ, ಪೇ ಸ್ಲಿಪ್ಪುಗಳ ಜೊತೆ ಮಡಚಿ ಇಡಿ.