‘ಸ್ಟೀವ್’ ಎಂದು ಸಹಿ ಹಾಕಿದ ಅಮ್ಮ

ಮನೆಯಿಂದಲೇ ಕೆಲಸ, ಫೋನ್ ಎತ್ತುತ್ತಲೇ ಮಗುವಿನ ಅಳು: ನಮಗೆಲ್ಲ ಗೊತ್ತಿರುವ ಫಜೀತಿ. ಇಂಗ್ಲೆಂಡಿನ ಸ್ಟೆಫನಿ ಶರ್ಲಿ 1960ರ ದಶಕದಲ್ಲೇ ಇದಕ್ಕೊಂದು ಉಪಾಯ ಹೂಡಿದ್ದರು. ಟೈಪ್‌ರೈಟರ್ ಸದ್ದನ್ನು ಟೇಪಿನಲ್ಲಿ ಹಿಡಿದಿಟ್ಟು, ಕರೆ ಬಂದಾಗ ಹಾಕಿಬಿಡುತ್ತಿದ್ದರು. ಆಚೆಯವರಿಗೆ ದೊಡ್ಡ ಆಫೀಸೇ ಅನ್ನಿಸಬೇಕು!

1939ರಲ್ಲಿ, ಐದರ ವಯಸ್ಸಿನಲ್ಲಿ, ನಾಜಿಗಳಿಂದ ಪಾರಾಗಿ ಅಕ್ಕನ ಜೊತೆ ಬಂದಿಳಿದ ಜರ್ಮನ್ ಮಾತಿನ ಮಗು ಅವರು. 1962ರಲ್ಲಿ ಆರು ಪೌಂಡ್ ಹಾಕಿ ಸಾಫ್ಟ್‌ವೇರ್ ಕಂಪನಿ ತೆರೆದರು. ಹೆಣ್ಣಿನ ಹೆಸರಿನ ಪತ್ರಗಳಿಗೆ ಉತ್ತರವೇ ಬರದಾಗ, ಗಂಡನ ಸಲಹೆಯಂತೆ ‘ಸ್ಟೀವ್’ ಎಂದು ಸಹಿ ಹಾಕತೊಡಗಿದರು. ಕೆಲಸ ಸಿಕ್ಕಿತು. ಮೊದಲ 300 ಉದ್ಯೋಗಿಗಳಲ್ಲಿ 297 ಹೆಂಗಸರು; ಹಲವರು ಮದುವೆ, ಮಕ್ಕಳೆಂದು ಕೆಲಸ ಬಿಟ್ಟವರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮ್ ಬರೆದದ್ದು ಇದೇ ತಂಡ, ಮನೆಯಲ್ಲಿ ಕೂತು. (ವರ್ಕ್ ಫ್ರಂ ಹೋಮ್ ಕೋವಿಡ್ ಕಾಲದ್ದೇನಲ್ಲ!) 1975ರಲ್ಲಿ ಲಿಂಗ ತಾರತಮ್ಯ ತಡೆಯುವ ಕಾನೂನು ಬಂತು. ತಮಾಷೆ ನೋಡಿ, ಗಂಡಸರನ್ನೂ ಸೇರಿಸಿಕೊಳ್ಳಲೇಬೇಕಾಯಿತು.