ಒಂದು ಮತ, ಮೂರು ಸರಕಾರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ಓದಲು ಬರುವ ತರುಣನೊಬ್ಬನಿದ್ದಾನೆ. ಇಂಡಿ ತಾಲೂಕಿನ ಮನೆತನ. ಪವಾಯಿಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ತಂದೆತಾಯಿ ಗಾರೆ ಕೆಲಸಕ್ಕೆ ಬಂದು ಇಲ್ಲಿಯೇ ನಿಂತವರು. ಹುಡುಗ ಇಲ್ಲಿಯೇ ಹುಟ್ಟಿ ಬೆಳೆದು, ಈಗ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ. 2019ರ ಅಕ್ಟೋಬರ್ 21ರಂದು ಅವನು ಮೊದಲ ಸಲ ಮತ ಹಾಕಿದ. ಅಂದು ಶಾಯಿ ಹಚ್ಚಿದ ಬೆರಳನ್ನು ಇಡೀ ಓಣಿಗೆ ತೋರಿಸಿ ಬಂದನಂತೆ.

ಅದೇ ಹುಡುಗ 2024ರ ಚುನಾವಣೆ ಹತ್ತಿರ ಬಂದಾಗ ನನ್ನ ಮೇಜಿನ ಎದುರು ಕುಳಿತು, “ಅಣ್ಣಾರ, ನಾ ಹಾಕಿದ್ದು ಒಂದ ಓಟು. ಸರಕಾರ ಬಂದದ್ದು ಮೂರು. ನಡುವ ನನ್ನ ಯಾರರೆ ಕೇಳಿದ್ರೇನು? ಈ ಸಲ ನಾ ಹೋಗಾಂಗಿಲ್ಲ” ಎಂದ.

ಅವನ ಲೆಕ್ಕ ತಪ್ಪಲ್ಲ. 2019ರ ನವೆಂಬರ್ 23ರ ಬೆಳಿಗ್ಗೆ ದೇವೇಂದ್ರ ಫಡಣವೀಸರು ಮುಖ್ಯಮಂತ್ರಿಗಳಾದರು. 26ಕ್ಕೆ ರಾಜೀನಾಮೆ ಕೊಟ್ಟರು. 28ರಂದು ಶಿವಾಜಿ ಪಾರ್ಕಿನಲ್ಲಿ ಉದ್ಧವ ಠಾಕರೆಯವರು ಪ್ರಮಾಣವಚನ ತೆಗೆದುಕೊಂಡರು. 2022ರ ಜೂನ್ 30ರಂದು ಏಕನಾಥ ಶಿಂದೆಯವರು ಬಂದರು. ಇಷ್ಟರ ನಡುವೆ ಸಾರ್ವತ್ರಿಕ ಚುನಾವಣೆ ನಡೆಯಲೇ ಇಲ್ಲ. ಹೀಗಿರಲು ಹುಡುಗನಿಗೆ ಬೇಸರವಾದರೆ ಆಶ್ಚರ್ಯವೇನು? ಆದರೆ ಬೇಸರಪಡುವ ಮೊದಲು ಸರಕಾರ ಹೇಗೆ ಬದಲಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ನಾವು ಮತ ಹಾಕಿ ಆರಿಸುವುದು ಸರಕಾರವನ್ನಲ್ಲ, ನಮ್ಮ ಕ್ಷೇತ್ರದ ಒಬ್ಬ ಸದಸ್ಯನನ್ನು. ಮಹಾರಾಷ್ಟ್ರದ ವಿಧಾನಸಭೆಯಲ್ಲಿ 288 ಸ್ಥಾನಗಳು. 145 ಜನರ ಬೆಂಬಲ ಉಳ್ಳವರು ಸರಕಾರ ನಡೆಸುತ್ತಾರೆ. ಆ ಬೆಂಬಲ ತಪ್ಪಿದ ದಿನ ಸರಕಾರ ಬೀಳುತ್ತದೆ. ಸದಸ್ಯರು ಐದು ವರ್ಷ ಉಳಿಯಬಹುದು. ಮಂತ್ರಿಮಂಡಲಕ್ಕೆ ಅಂಥ ಖಾತ್ರಿ ಇಲ್ಲ.

ಹಾಗಾದರೆ ಬೆಂಬಲ ಇದೆಯೋ ಇಲ್ಲವೋ ಎಂದು ಎಣಿಸುವವರು ಯಾರು? ಈ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ದೊರಕಿಸಿದವರು ನಮ್ಮ ನಾಡಿನವರೇ ಎಂಬುದು ನಮ್ಮ ಹುಡುಗರಿಗೆ ಗೊತ್ತಿರಬೇಕು. 1989ರ ಏಪ್ರಿಲ್ 21ರಂದು ಕರ್ನಾಟಕದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಬಲ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಅವರು ಕೇಳಿದರೂ ರಾಜ್ಯಪಾಲರು ಕೊಡಲಿಲ್ಲ. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ಕೊಟ್ಟಿತು: ಬಹುಮತವನ್ನು ಪರೀಕ್ಷಿಸಬೇಕಾದ ಸ್ಥಳ ರಾಜಭವನವಲ್ಲ, ಸದನ. ಬೊಮ್ಮಾಯಿಯವರಿಗೆ ಹೋದ ಕುರ್ಚಿ ಮರಳಲಿಲ್ಲ, ಆದರೆ ನಿಯಮ ಉಳಿಯಿತು. 2019ರ ನವೆಂಬರ್ 26ರಂದು, ಮರುದಿನವೇ ಎಲ್ಲರೆದುರು ಬಲಾಬಲ ಪರೀಕ್ಷೆ ಆಗಲಿ ಎಂದು ನ್ಯಾಯಾಲಯ ಆಜ್ಞೆ ಮಾಡಿದ್ದು ಇದೇ ತತ್ತ್ವದ ಮೇಲೆ. ಮೊದಲನೆಯ ಸರಕಾರ ಇಳಿದದ್ದು ಆ ಆಜ್ಞೆಯ ಬೆನ್ನಿಗೆ.

ಇಷ್ಟು ಹೇಳಿದ ಮೇಲೆ ಹುಡುಗ ಮತ್ತೆ ಕೇಳಿದ: “ಅದು ಖರೆ. ಆದ್ರ ನಾವು ಆರಿಸಿದಾವ್ರು ಆ ಕಡೆಯಿಂದ ಈ ಕಡೆ ಹೋದ್ರ?”

ಇಲ್ಲಿ ಅವನ ಸಿಟ್ಟು ನ್ಯಾಯವಾದದ್ದೇ. ಪಕ್ಷಾಂತರ ತಡೆಯಲು 1985ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಆದರೂ ಗುಂಪುಗುಂಪಾಗಿ ಬದಿ ಬದಲಿಸುವುದು ನಿಂತಿಲ್ಲ. ಆರಿಸಿ ಕಳಿಸಿದ ಶಾಸಕರನ್ನು ನಡುವೆ ಹಿಂದಕ್ಕೆ ಕರೆಸುವ ಹಕ್ಕು ನಮಗಿಲ್ಲ. ಮತದಾರನಿಗೆ ಉಳಿದ ಅಧಿಕಾರ ಒಂದೇ: ಮುಂದಿನ ಚುನಾವಣೆ. ಅದು ಸಣ್ಣ ಅಧಿಕಾರವಲ್ಲ. ಕರ್ನಾಟಕದಲ್ಲಿ 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರಕಾರ 99ಕ್ಕೆ 105 ಮತಗಳಿಂದ ಸದನದಲ್ಲಿ ಸೋತಿತು. ಪಕ್ಷ ಬಿಟ್ಟವರಲ್ಲಿ ಹಲವರು ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಮತ್ತೆ ಜನರೆದುರು ನಿಲ್ಲಬೇಕಾಯಿತು. ಹೆಚ್ಚಿನ ಕಡೆ ಜನ ಅವರನ್ನೇ ಒಪ್ಪಿದರು. ಹೊಸಕೋಟೆ, ಹುಣಸೂರುಗಳಲ್ಲಿ ಸೋಲಿಸಿದರು. ಒಪ್ಪುವುದೂ ಬಿಡುವುದೂ ಮತದಾರನ ಕೈಯಲ್ಲಿತ್ತು.

ಒಂದು ಮತದಿಂದ ಏನಾದೀತು ಎನ್ನುವವರಿಗೆ ನಮ್ಮ ನೆರೆಯ ಲೆಕ್ಕವೇ ಸಾಕು. ಪವಾಯಿಯ ಬಹುಭಾಗ ಸೇರಿರುವ ಚಾಂದಿವಲಿ ಕ್ಷೇತ್ರದಲ್ಲಿ 2019ರಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಕೇವಲ 409 ಮತಗಳು. ದೊಡ್ಡದೊಂದು ಚಾಳಿನ ಜನ ಮನೆಯಲ್ಲಿ ಮಲಗಿದರೆ ಅಥವಾ ಎದ್ದು ಹೋದರೆ ಫಲಿತಾಂಶವೇ ಬೇರೆಯಾಗಬಹುದಿತ್ತು.

ಹುಡುಗ ಉತ್ತರ ಕೊಡದೆ ಎದ್ದು ಹೋದ. 2024ರ ನವೆಂಬರ್ 20ರಂದು ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದ. ಮುಖ ಇನ್ನೂ ಗಂಟಾಗಿಯೇ ಇತ್ತು. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ, ಕೇಳಲೂ ಬಾರದು.

ಕೊನೆಗೆ ಒಂದು ಸೂಚನೆ. ನಮ್ಮಲ್ಲಿ ಅನೇಕರ ಹೆಸರು ಊರಿನ ಪಟ್ಟಿಯಲ್ಲಿದೆ, ವಾಸ ಇಲ್ಲಿದೆ. ಎರಡು ಕಡೆ ಹೆಸರು ಇರುವುದು ಕಾನೂನಿಗೆ ವಿರುದ್ಧ. ಖಾಯಂ ಆಗಿ ಇಲ್ಲಿಯೇ ಇರುವವರು ನಮೂನೆ 8 ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. 18 ತುಂಬಿದ ಹೊಸಬರಿಗೆ ನಮೂನೆ 6. ತುಂಬಲು ಬಾರದವರು ಸಂಕೋಚಪಡದೆ ವಾಚನಾಲಯಕ್ಕೆ ಬರಲಿ, ಬರೆದುಕೊಡಲು ನಾವಿದ್ದೇವೆ.