ಮೂವತ್ತು ಅಡಿ ಕೆಳಗೆ ನೇತ್ರಾಣಿ

ನಮ್ಮ ಚಿಂತಾಮಣಿ ಕಡೆ ಆಳ ಅಂದರೆ ಬೋರ್‌ವೆಲ್. ಸಾವಿರ ಅಡಿ, ಸಾವಿರದ ಇನ್ನೂರು, ಕೆಲವೆಡೆ ಸಾವಿರದ ಐನೂರು. ರಿಗ್ ಲಾರಿ ರಾತ್ರಿಯೆಲ್ಲ ಕೊರೆದು ಬೆಳಗಿನ ಜಾವಕ್ಕೆ ಬರೀ ಬಿಳಿ ದೂಳು ಕಾರಿದರೆ ಆ ಮನೆಯಲ್ಲಿ ಅವತ್ತು ಯಾರೂ ಸರಿಯಾಗಿ ಉಣ್ಣುವುದಿಲ್ಲ. ಹೀಗಾಗುವ ಮೊದಲು ಊರಲ್ಲಿ ಕಪಿಲೆ ಬಾವಿಗಳಿದ್ದವು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ದೊಡ್ಡಪ್ಪ ನನಗೆ ಈಜು ಕಲಿಸಿದ್ದು ಅಂಥದೊಂದು ಬಾವಿಯಲ್ಲೇ. ‘ಉಸಿರು ಬಿಗಿ ಹಿಡ್ಕೊಂಡು ಮುಳುಗು’ ಅನ್ನುವುದು ಅವರು ಹೇಳಿಕೊಟ್ಟ ಮೊದಲ ಪಾಠ. ಆ ಬಾವಿಯೊಳಗೆ ಈಗ ಜಾಲಿ ಬೆಳೆದಿದೆ.

ಮುರುಡೇಶ್ವರದ ದೋಣಿಯಲ್ಲಿ ಕುಳಿತಾಗ ಡೈವಿಂಗ್ ಕಲಿಸುವ ಹುಡುಗ ಹೇಳಿದ ಮೊದಲ ಮಾತು ದೊಡ್ಡಪ್ಪನ ಪಾಠಕ್ಕೆ ನೇರ ಉಲ್ಟಾ: ‘ಏನೇ ಆಗಲಿ, ಉಸಿರು ಮಾತ್ರ ಕಟ್ಟಬೇಡಿ ಸರ್.’

ಹೊರಟಿದ್ದು ನೇತ್ರಾಣಿಗೆ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಸೇರಿದ ಈ ಪುಟ್ಟ ದ್ವೀಪ ಮುರುಡೇಶ್ವರದ ದಡದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರ್ ದೂರದಲ್ಲಿದೆ. ಬ್ರಿಟಿಷರು ಇದನ್ನು ಪಿಜನ್ ಐಲ್ಯಾಂಡ್ ಎಂದು ಕರೆದರು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ ಕಾಣುತ್ತದೆ. ದೋಣಿಯಿಂದ ನೋಡುವವರಿಗೆ ಅದು ನೀರಿನಿಂದ ನೆಟ್ಟಗೆ ಎದ್ದ ಬಂಡೆಗೋಡೆ, ಅದರ ನೆತ್ತಿಯ ಮೇಲೊಂದಿಷ್ಟು ಕಾಡು. ಹೊರಟು ಸ್ವಲ್ಪ ಹೊತ್ತಿಗೆ 123 ಅಡಿಯ ಶಿವನ ಮೂರ್ತಿ ಬೆರಳಷ್ಟಾಗುತ್ತದೆ, ಇಪ್ಪತ್ತು ಅಂತಸ್ತಿನ ರಾಜಗೋಪುರ ಮಂಜಿನಲ್ಲಿ ಕರಗುತ್ತದೆ. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಬರೀ ನೀರು. ನೀರಿನ ಟ್ಯಾಂಕರ್‌ಗೆ ಕಾದು ಬೆಳೆದವನಿಗೆ ಆ ಒಂದು ಗಂಟೆಯೇ ದೊಡ್ಡದು.

ಮಾಲ್ಡೀವ್ಸ್ ಕಡೆ ಡೈವರ್‌ಗಳು ವಾರಗಟ್ಟಲೆ ಹಡಗಿನಲ್ಲೇ ಬಿಡಾರ ಹೂಡುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ, ದಿನಕ್ಕೆ ಮೂರು ನಾಲ್ಕು ಸಲ ಮುಳುಗು. ನೇತ್ರಾಣಿಯಲ್ಲಿ ಹಾಗಿಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್. ದ್ವೀಪದ ಮೇಲೆ ಕಾಲಿಡಲೂ ಬಿಡುವುದಿಲ್ಲ. ಮೇಲೆ ಕಾಡುಪಾಲಾದ ಮೇಕೆಗಳಿವೆ; ಮೀನುಗಾರರು ಹರಕೆಗೆ ಬಿಟ್ಟವು ಅನ್ನುತ್ತಾರೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಇಷ್ಟೆಲ್ಲ ಬದುಕಿರುವ ಗುಡ್ಡವನ್ನೇ ನೌಕಾಪಡೆ ಬಹಳ ವರ್ಷ ಗುರಿ ಅಭ್ಯಾಸಕ್ಕೆ ಬಳಸಿತು ಎಂಬುದು ಗೊತ್ತಿದ್ದರೆ, ಆ ಬಂಡೆಗಳನ್ನು ನೋಡುವ ಕಣ್ಣು ಬೇರೆಯಾಗುತ್ತದೆ. ದೇಶದ ರಕ್ಷಣೆಗೆ ಅಭ್ಯಾಸ ಬೇಕು ನಿಜ. ಆದರೆ ಹವಳ ಬೆಳೆಯುವ ಬಂಡೆಯೇ ಅದಕ್ಕೆ ಸಿಗಬೇಕಿತ್ತೇ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಸಿಲಿಂಡರ್ ವಿಷಯ ಹೇಳಲೇಬೇಕು. ಅದರಲ್ಲಿ ಇರುವುದು ಆಕ್ಸಿಜನ್ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಲ್ಲ, ನಾವು ಉಸಿರಾಡುವ ಇದೇ ಗಾಳಿಯನ್ನು ಅದುಮಿ ತುಂಬಿರುತ್ತಾರೆ. ಪ್ರತಿ ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಕೆಳಗೆ ಎಳೆದ ಉಸಿರನ್ನು ಕಟ್ಟಿಕೊಂಡೇ ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಅದಕ್ಕೇ ಆ ಹುಡುಗ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದು. ಇಳಿಯುವಾಗ ಕಿವಿ ಬಿಗಿಯುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಿದರೆ ಸರಿಹೋಗುತ್ತದೆ. ಮೊದಲ ಸಲ ಇಳಿಯುವವರ ಜತೆ ಒಬ್ಬ ತರಬೇತುದಾರ ಉದ್ದಕ್ಕೂ ಇರುತ್ತಾರೆ, ಹೆಚ್ಚು ಆಳಕ್ಕೆ ಒಯ್ಯುವುದಿಲ್ಲ. ಈಜು ಬರಲೇಬೇಕೆಂದಿಲ್ಲ.

ಇಳಿದ ಮೇಲೆ ಮೊದಲು ಗಮನಕ್ಕೆ ಬಂದದ್ದು ನೋಟವಲ್ಲ, ಸದ್ದು. ಕಡಲೊಳಗೆ ಮೌನ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಎಡೆಬಿಡದೆ ಚಟಪಟ ಚಟಪಟ. ಬಿತ್ತನೆಗೆಂದು ಹತ್ತಾರು ಹೆಂಗಸರು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುವಾಗ ಬರುತ್ತದಲ್ಲ, ಅದೇ ಸದ್ದು. ಬಂಡೆಯ ಸಂದುಗಳಲ್ಲಿ ಅಡಗಿದ ಸಿಗಡಿಗಳು ಕೊಂಡಿ ಬಡಿಯುವ ಸದ್ದಂತೆ ಅದು. ಅದರ ನಡುವೆ ಗಿಳಿಮೀನೊಂದು ಕೊಕ್ಕಿನಂಥ ಬಾಯಿಂದ ಬಂಡೆಯನ್ನು ಕರಕರ ಕೆರೆಯುತ್ತಿತ್ತು. ಪಾಚಿ ತಿನ್ನಲು ಹೀಗೆ ಕೆರೆದು ನುಂಗಿದ ಹವಳದ ಸುಣ್ಣ ಅದರ ಹೊಟ್ಟೆಯಿಂದ ಮರಳಾಗಿ ಹೊರಬರುತ್ತದೆ. ಒಂದು ಸಂದಿನಿಂದ ಮೊರೆ ಈಲ್ ಎಂಬ ಹಾವಿನಂಥ ಮೀನು ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹೆದರಿ ಹಿಂದೆ ಸರಿದೆ. ಕಚ್ಚುವುದಕ್ಕಲ್ಲ, ಅದು ಉಸಿರಾಡುವುದೇ ಹಾಗೆ ಎಂದು ಮೇಲೆ ಬಂದ ಮೇಲೆ ತಿಳಿಯಿತು.

ಕ್ಯಾಮೆರಾ ಒಯ್ದವರಿಗೆ ಇಲ್ಲಿ ಹೊಸ ಪಾಠ. ನೀರು ಬಣ್ಣ ನುಂಗುತ್ತದೆ, ಅದರಲ್ಲೂ ಮೊದಲು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಾಸಿ, ಇನ್ನೂ ಕೆಳಗೆ ಕಂದಾಗಿ ಕಪ್ಪಾಗುತ್ತದೆ. ಬೆರಳು ಗೀರಿದರೆ ರಕ್ತ ಹಸಿರಾಗಿ ಕಾಣುತ್ತದೆ. ಹೀಗಾಗಿ ಬೆಳಕನ್ನು ನಾವೇ ಒಯ್ಯಬೇಕು. ದೂರದಿಂದ ಜೂಮ್ ಮಾಡಿದರೆ ಬರುವುದು ನೀಲಿ ಮಬ್ಬು ಮಾತ್ರ, ಮೊಳದಷ್ಟು ಹತ್ತಿರ ಹೋಗಬೇಕು. ಫ್ಲ್ಯಾಷನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಕಣದಲ್ಲಿ ರಾಗಿ ತೂರುವಾಗ ಏಳುವ ಹೊಟ್ಟಿನ ಹಾಗೆ ಚಿತ್ರ ತುಂಬುತ್ತವೆ. ಬೆಳಕು ಓರೆಯಾಗಿ ಬೀಳಬೇಕು. ಜತೆಗಿದ್ದವರು ಕಪ್ಪು ಬಂಡೆಯೊಂದರ ಮೇಲೆ ಟಾರ್ಚ್ ಬಿಟ್ಟರು. ಅದು ಕುಂಕುಮದಷ್ಟು ಕೆಂಪಿನ ಸ್ಪಂಜು! ಟಾರ್ಚ್ ಆರಿತು, ಮತ್ತೆ ಬರೀ ಕಪ್ಪು ಬಂಡೆ.

ಚಿತ್ರ ತೆಗೆಯುವ ಗಡಿಬಿಡಿಯಲ್ಲಿ ನನ್ನ ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಹವಳಕ್ಕೆ ತಾಗಿತು. ಹವಳ ಕಲ್ಲಲ್ಲ, ಸೂಜಿಮೊನೆಯಂಥ ಸಾವಿರಾರು ಜೀವಿಗಳು ಒಟ್ಟಾಗಿ ಕಟ್ಟಿದ ಮನೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು ಎನ್ನುವ ಜಾತಿಗಳಿವೆ. ಅವುಗಳೊಳಗೆ ನೆಲೆಸಿದ ಪಾಚಿಯೇ ಬಣ್ಣವನ್ನೂ ಆಹಾರವನ್ನೂ ಕೊಡುವುದು; ಸಮುದ್ರ ಕಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. ಇಂಥ ಬಿಳಚುವಿಕೆ ನಾಲ್ಕನೇ ಸಲ ಜಗತ್ತಿನಾದ್ಯಂತ ಹಬ್ಬಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಬಿಸಿಯ ಹೊಡೆತದ ಮೇಲೆ ನಮ್ಮ ಕಾಲಿನ ಹೊಡೆತವೂ ಬೇಕೇ? ಫಿನ್ ತಾಗಿದ ಕಡೆ ಎದ್ದ ದೂಳಿನ ಸಣ್ಣ ಮೋಡ ಈಗಲೂ ಕಣ್ಣ ಮುಂದಿದೆ. ಹವಳ 2001ರಿಂದಲೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ ಇದೆ. ನೆನಪಿಗೆಂದು ಒಂದು ಚೂರು ಜೇಬಿಗಿಳಿಸಿದರೂ ಅಪರಾಧ. ಈ ನೀರಿನಲ್ಲಿ ಆಗಾಗ ಕಾಣಿಸಿಕೊಳ್ಳುವ, ಬಸ್ಸಿನಷ್ಟು ಉದ್ದವಿದ್ದೂ ಕಡಲ ಪುಟ್ಟ ಜೀವಿಗಳನ್ನು ಸೋಸಿ ತಿನ್ನುವ ತಿಮಿಂಗಿಲ ಶಾರ್ಕ್‌ಗೂ ಅದೇ ರಕ್ಷಣೆ.

ಪುನೀತ್ ರಾಜ್‌ಕುಮಾರ್ ಇಲ್ಲಿ ಮುಳುಗಿದ್ದನ್ನು ಅಮೋಘವರ್ಷ ನಿರ್ದೇಶಿಸಿದ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ, 2022ರ ಅಕ್ಟೋಬರ್‌ನಲ್ಲಿ, ನಾಡೆಲ್ಲ ನೋಡಿತು. ಕನ್ನಡನಾಡಿನ ಕಾಡು ಅಂದರೆ ಮರಗಳಷ್ಟೇ ಅಲ್ಲ ಎಂದು ತೋರಿಸಿದ ಆ ದೃಶ್ಯಗಳಿಗೆ ನಾನಂತೂ ಋಣಿ.

ಹೋಗುವವರು ಅಕ್ಟೋಬರ್‌ನಿಂದ ಮೇ ನಡುವೆ ಹೋಗಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ. ಮೊದಲ ಸಲದವರಿಗೆ ಐದಾರು ಸಾವಿರ ರೂಪಾಯಿ ಹಿಡಿಯುತ್ತದೆ. ಬೆಂಗಳೂರಿನಿಂದ ಮುರುಡೇಶ್ವರಕ್ಕೆ ನೇರ ರೈಲಿದೆ. ಅಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು, ಶೀತವಾಗಿದ್ದರಂತೂ ಆ ದಿನ ಬೇಡ.

ಊರಿಗೆ ಬಂದು ಅಮ್ಮನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಹಳದಿ ಚಿಟ್ಟೆಮೀನುಗಳ ಹಿಂಡು, ಆ ಕೆಂಪು ಸ್ಪಂಜು, ನನ್ನ ಬಾಯಿಂದ ಮೇಲೇರುತ್ತಿದ್ದ ಗುಳ್ಳೆಗಳು. ಎಷ್ಟಡಿ ಕೆಳಗೆ ಇದೆಲ್ಲ ಎಂದು ಕೇಳಿದರು. ಮೂವತ್ತು ಅಂದೆ.

‘ಮೂವತ್ತೇ ಅಡೀನಾ?’ ಅಂದು, ಫೋನು ಇಸ್ಕೊಂಡು ಮತ್ತೆ ಮೊದಲಿನಿಂದ ನೋಡತೊಡಗಿದರು.